ವಂಶಾವಳಿಯಲ್ಲಿ ಸತ್ತವಳು

“ಈ ಒಂದು ಶಬ್ದ ಮಾತ್ರ ನನ್ನ ಕೈಲೆ ಹೊಡಸಬ್ಯಾಡ್ರಿ.”

ಆಳಂದದ ಕೋರ್ಟಿನ ಗೋಡೆಗೆ ಒರಗಿದ ಬೇವಿನ ಮರದ ಕೆಳಗೆ, ತುಕ್ಕು ಹಿಡಿದ ತಗಡಿನ ನೆರಳಿನಲ್ಲಿ, ನಲವತ್ತು ವರ್ಷಗಳಿಂದ ಪರರ ಜಗಳಗಳನ್ನು ಅಕ್ಷರಕ್ಕಿಳಿಸುತ್ತ ಬಂದ ಟೈಪಿಸ್ಟ್ ಲಾಡ್ಲೆಸಾಬ ಇಷ್ಟು ಹೇಳಿ, ಯಂತ್ರದ ಮೇಲಿದ್ದ ಎರಡೂ ಕೈಗಳನ್ನು ತೆಗೆದು ಮಡಿಲಿನಲ್ಲಿಟ್ಟುಕೊಂಡ. ವಂಶಾವಳಿಯ ಕಾಗದ ಅರ್ಧಕ್ಕೆ ನಿಂತಿತ್ತು. ‘ಮಗಳು: ಗುರುಬಾಯಿ’ ಎಂಬಲ್ಲಿಯವರೆಗೆ ಅಕ್ಷರಗಳು ಕಪ್ಪಗೆ ಮೂಡಿದ್ದವು. ಮುಂದೆ ಬರಬೇಕಾಗಿದ್ದ ‘ಮೃತ’ ಎಂಬ ಎರಡಕ್ಷರಕ್ಕಾಗಿ ಖಾಲಿ ಜಾಗ ಕಾಯುತ್ತಿತ್ತು.

ಎದುರಿಗೆ ನಿಂತಿದ್ದ ಕಲ್ಯಾಣಕುಮಾರ ನಕ್ಕ. ಅವನು ಪಂಪ್‌ಸೆಟ್ ಕಂಪನಿಯೊಂದರ ಮಾರಾಟಗಾರ. ಇಪ್ಪತ್ತು ವರ್ಷಗಳಿಂದ ಹೆಗಲಿಗೊಂದು ಚೀಲ ಹಾಕಿಕೊಂಡು ಜೇವರ್ಗಿಯಿಂದ ಅಫಜಲಪುರಕ್ಕೆ, ಅಲ್ಲಿಂದ ರಾಜ್ಯದ ಗಡಿಯಾಚೆಯ ಊರುಗಳಿಗೆ ಸುತ್ತುವ ಆ ಮನುಷ್ಯ ಒಂದೇ ಊರಿನಲ್ಲಿ ಸತತ ನಾಲ್ಕು ರಾತ್ರಿ ಮಲಗಿದ್ದು ಅಪರೂಪ. ಹೆಂಡತಿ ಶಿವಕಾಂತಾ ಮತ್ತು ಒಂಬತ್ತು ವರ್ಷದ ಮಗಳು ಸೀಮಾ ಅಫಜಲಪುರದ ಬಾಡಿಗೆಯ ಮನೆಯಲ್ಲಿದ್ದರು. ಹುಟ್ಟಿದೂರು ಹಿರೋಳ್ಳಿ ಅವನಿಗೆ ಎಷ್ಟು ಅಪರಿಚಿತವಾಗಿತ್ತೆಂದರೆ, ಹಿಂದಿನ ತಿಂಗಳು ತಾಯಿ ನಿಂಬೆವ್ವ ತೀರಿಕೊಂಡಾಗ ಸ್ವಂತ ಹೊಲದ ಬದುವನ್ನು ಬೇರೆಯವರು ತೋರಿಸಬೇಕಾಗಿ ಬಂದಿತ್ತು.

“ನಿಮ್ಮವ್ವ ಹ್ವಾದ ವರ್ಷ ಇದೇ ಕಲ್ಲಿನ ಮ್ಯಾಲ ಕುಂತಿದ್ದಳ್ರಿ,” ಎಂದ ಲಾಡ್ಲೆಸಾಬ. “ಮೃತ್ಯುಪತ್ರ ಬರಸಾಕ ಬಂದು, ಬರಸದಂಗ ಹೋದಳು. ಒಂದೇ ಮಾತು ಅಂದಳು ನೋಡ್ರಿ. ಮಗಳ ಹೆಸರು ಅಳಸಿದ ದಿನ ಮಗ ಉಳಿಯಂಗಿಲ್ಲ ಅಂತ.”

“ಚಾಚಾ, ರೇಟ್ ಜಾಸ್ತಿ ಬೇಕಂದ್ರ ನೆಟ್ಟಗ ಕೇಳ್ರಿ. ಸತ್ತ ನಮ್ಮವ್ವನ್ನ ಯಾಕ ದಲಾಲಿಗೆ ಕರೀತೀರಿ?”

ಮುದುಕ ನಗಲಿಲ್ಲ. ಕಾಗದವನ್ನು ರೋಲರಿನಿಂದ ಬಿಡಿಸಿ, ನಾಲ್ಕು ಮಡಿಕೆ ಮಾಡಿ ಅವನ ಕೈಗಿಟ್ಟ. ಅಲ್ಲಿಯವರೆಗೆ ಮಾಡಿದ ಕೆಲಸಕ್ಕೂ ಹಣ ಮುಟ್ಟಲಿಲ್ಲ.

ರಸ್ತೆಯಾಚೆಯ ಕಂಪ್ಯೂಟರ್ ಅಂಗಡಿಯಲ್ಲಿ ಆ ಎರಡಕ್ಷರ ಒಂದು ಉಸಿರಿನಲ್ಲಿ ಮುಗಿಯಿತು.

ಇದಕ್ಕೆ ಕಾರಣವಾಗಿದ್ದುದು ರಸ್ತೆಗೆ ಹತ್ತಿದ ನಾಲ್ಕೆಕರೆ ಹೊಲ. ಅದು ನಿಂಬೆವ್ವನ ಹೆಸರಿನಲ್ಲಿತ್ತು. ಪೆಟ್ರೋಲ್ ಬಂಕ್ ಹಾಕುವವರು ಅದನ್ನು ಕೇಳುತ್ತಿದ್ದರು. ಕಲ್ಯಾಣಕುಮಾರನಿಗೆ ಕೊಟ್ಟುಬಿಡುವ ಅವಸರವಿತ್ತು. ಆದರೆ ಅಕ್ಕ ಗುರುಬಾಯಿ ಒಪ್ಪುವವಳಲ್ಲ. ತಾಯಿಯನ್ನು ಅದೇ ಹೊಲದ ಮೂಲೆಯಲ್ಲಿ, ತಮ್ಮ ಮನೆತನದ ಪದ್ಧತಿಯಂತೆ ಗುಂಡಿಯೊಳಗಿನ ಗೂಡಿನಲ್ಲಿ ಪದ್ಮಾಸನ ಹಾಕಿ ಕೂರಿಸಿ, ವಿಭೂತಿ, ಪತ್ರೆ, ಉಪ್ಪು ಸುರಿದು ಮಣ್ಣು ಮಾಡಿದ್ದರು. ‘ಅವ್ವ ಕುಂತ ಜಾಗ’ ಎಂದು ಅಕ್ಕ ಆ ಮಣ್ಣನ್ನು ಅಂಗೈಯಿಂದ ಸವರಿದ್ದು ಅವನು ಕಂಡಿದ್ದ. ಗಂಡ ಸತ್ತು, ಮಕ್ಕಳಿಲ್ಲದೆ, ಖಜೂರಿಯ ಹೆದ್ದಾರಿಯ ಮೇಲೆ ಟ್ರಕ್ಕಿನವರಿಗೆ ಚಹಾ ಕಾಸಿ ಬದುಕುತ್ತಿದ್ದ ಆ ಕುಂಟಿಯನ್ನು, ಒಂದು ಕಣ್ಣಿನ, ಒಂದು ಕೈ ಸುಟ್ಟು ಮುರುಟಿದ ಆ ಹೆಂಗಸನ್ನು ಆಳಂದದಲ್ಲಿ ಯಾರು ಬಲ್ಲರು?

ವಕೀಲ ದೇವಿಂದ್ರಪ್ಪ ಮಾತ್ರ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದ್ದ. ವಾರಸಾ ಅರ್ಜಿಗೆ ಮೊದಲು ಬೇರೆ ವಾರಸುದಾರರಿದ್ದಾರೆಯೇ ಎಂದು ಮೂರು ಸಲ ಕೇಳಿದ್ದ. ಅಕ್ಕ ಇದ್ದಳು, ಗಡಿಯಾಚೆ ತೀರಿಕೊಂಡಳು, ಅದರ ಕಾಗದವಿಲ್ಲ ಎಂದು ಕಲ್ಯಾಣಕುಮಾರ ಮೂರು ಸಲವೂ ಅದೇ ಮುಖದಿಂದ ಉತ್ತರಿಸಿದ್ದ. ಹಿರೋಳ್ಳಿಯ ಹಾದಿಯನ್ನೇ ತುಳಿಯದ ಇಬ್ಬರನ್ನು ಹೋಟೆಲಿನಿಂದ ಕರೆತಂದು ಊರಿನ ಪಂಚರೆಂದು ಸಹಿ ಹಾಕಿಸಿದ್ದ.

“ಹಂಗಾದ್ರ ಅಫಿಡವಿಟ್ ಮ್ಯಾಲ ಪ್ರಮಾಣ ಮಾಡ್ರಿ,” ಎಂದಿದ್ದ ವಕೀಲ, ಕನ್ನಡಕ ಒರೆಸುತ್ತ. “ಸುಳ್ಳು ಬಿತ್ತಂದ್ರ ನನ್ನ ಕುತ್ತಿಗಿಗಲ್ಲ, ನಿಮ್ಮ ಕುತ್ತಿಗಿಗೆ.”

ಸೋಮವಾರ ಮಧ್ಯಾಹ್ನ ಹನ್ನೆರಡಕ್ಕೆ ನೋಟರಿಯ ಮುಂದೆ ನಿಂತು, ‘ನನ್ನ ಅಕ್ಕ ಜೀವಂತವಾಗಿಲ್ಲ’ ಎಂದು ಕಲ್ಯಾಣಕುಮಾರ ಸ್ಪಷ್ಟವಾಗಿ ಉಚ್ಚರಿಸಿದ. ಮೊಹರು ಬಿತ್ತು.

ಬಸ್ ನಿಲ್ದಾಣದ ಹಿಂದಿನ ಲಾಡ್ಜಿನಲ್ಲಿ ಅವನು ಹಿಡಿದಿದ್ದ ಕೋಣೆಗೆ ಕಿಟಕಿಯಿರಲಿಲ್ಲ. ಊಟ ಮುಗಿಸಿ ಮಲಗಿದಾಗ ಕರೆಂಟ್ ಹೋಯಿತು. ಹಾಡಹಗಲಿನಲ್ಲಿಯೂ ಆ ಕೋಣೆ ನೆಲದೊಳಗೆ ಕಾಳು ತುಂಬುವ ಹಗೇವಿನ ಹೊಟ್ಟೆಯಂತೆ ಕಪ್ಪಾಯಿತು. ನಿಂತ ಫ್ಯಾನಿನ ರೆಕ್ಕೆಯ ಕೊನೆಯ ಕಿರುಗುಟ್ಟುವಿಕೆ ಅಡಗಿದ ಮೇಲೆ ಒಂದು ವಾಸನೆ ಬಂತು. ರಬ್ಬರು ಕರಗಿದಂತೆ ಮೊದಲು, ಬಳಿಕ ಕೂದಲು ಸುಟ್ಟಂತೆ, ಕಡೆಗೆ ನಿಸ್ಸಂಶಯವಾಗಿ ಸುಟ್ಟ ಮಾಂಸದಂತೆ. ಪಕ್ಕದ ಖಾನಾವಳಿಯಿಂದ ಬರುತ್ತಿರಬೇಕೆಂದು ಅವನು ಮಗ್ಗುಲಾದ. ವಾಸನೆ ಅವನ ಜೊತೆಗೇ ಹೊರಳಿತು. ಅದು ಅವನ ಬಲ ಅಂಗೈಯಿಂದ ಬರುತ್ತಿತ್ತು.

ಆಮೇಲೆ ಉರಿ ಹತ್ತಿತು. ಮೊಬೈಲಿನ ಬೆಳಕಿನಲ್ಲಿ ಕಂಡದ್ದು ಇಷ್ಟು: ಅಂಗೈ ನಡುವೆ ಅಡ್ಡಲಾಗಿ, ತಂತಿಯ ದಪ್ಪದ ಒಂದು ಕರಿಗೆರೆ, ಅದರ ಎರಡೂ ಬದಿಗೆ ಚರ್ಮ ಒಡೆದು ಸುರುಳಿಗಟ್ಟುತ್ತಿತ್ತು. ಆರು ವರ್ಷದ ಹಿಂದೆ ಜೇವರ್ಗಿಯ ಕಡೆಯ ಒಂದು ಬಾವಿಯಲ್ಲಿ ಮೋಟಾರು ತೋರಿಸುವಾಗ ಅವನು ಕರೆಂಟ್ ಹರಿಯುತ್ತಿದ್ದ ತಂತಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದ. ನೋಡಿದವರು ಸತ್ತನೆಂದೇ ಕೂಗಿದ್ದರು. ಅವನಿಗೆ ಒಂದು ಗುಳ್ಳೆಯೂ ಏಳಲಿಲ್ಲ. ಅದೇ ವಾರ ತಾಯಿ ಫೋನಿನಲ್ಲಿ, ಅಕ್ಕನ ಕೈ ಒಲೆಯಲ್ಲಿ ಸುಟ್ಟಿತೆಂದು ಹೇಳಿದ್ದಳು. ನೋಡಿಕೊಂಡು ಬರುತ್ತೇನೆಂದು ಅವನು ಹೇಳಿದ್ದ. ಹೋಗಿರಲಿಲ್ಲ.

ಸ್ವಿಚ್ಚಿನ ದೋಷವೆಂದು ಲಾಡ್ಜಿನವನಿಗೆ ಬೈದು, ಮುಲಾಮು ಹಚ್ಚಿಸಿಕೊಂಡು, ಕಲ್ಯಾಣಕುಮಾರ ಕೋರ್ಟಿನ ತಾರೀಖಿಗಾಗಿ ಕಾದ.

ಐದನೆಯ ದಿನ ಚಹಾದಂಗಡಿಯಲ್ಲಿ ಕುಳಿತಿದ್ದಾಗ ಎಡಗಣ್ಣಿನೊಳಗೆ ಏನೋ ಒಡೆದಂತೆ ಸದ್ದಾಯಿತು. ಸದ್ದು ಹೊರಗಿನದಲ್ಲ, ತಲೆಬುರುಡೆಯ ಒಳಗೆ, ಗಾಜು ಸಿಡಿದಂತೆ. ಚಹಾದ ಕಪ್ಪು ಕೈಜಾರಿತು. ಕೆನ್ನೆಯ ಮೇಲೆ ಬಿಸಿಯಾಗಿ ಇಳಿದದ್ದು ಚಹಾ ಅಲ್ಲವೆಂದು ಎದುರಿದ್ದವರ ಮುಖ ನೋಡಿ ತಿಳಿಯಿತು.

ಕಣ್ಣಿನ ಡಾಕ್ಟರು ಚಿಮಟದಿಂದ ತೆಗೆದ ಚೂರನ್ನು ಬಟ್ಟಲಿಗೆ ಹಾಕಿದಾಗ ಅದು ಟಿಣ್ ಎಂದಿತು. ದಪ್ಪನೆಯ, ಹಸಿರು ಛಾಯೆಯ ಗಾಜು.

“ಇದು ಹಳೇ ಬಸ್ಸಿನ ಕಿಡಕಿದು. ಈಗ ಇಂಥಾ ಗಾಜು ಎಲ್ಲಿ ಬರ್ತಾವ್ರಿ?” ಎಂದ ಡಾಕ್ಟರು, ಉತ್ತರ ಬಯಸುತ್ತ.

ಕಲ್ಯಾಣಕುಮಾರನಲ್ಲಿ ಉತ್ತರವಿತ್ತು. ಹದಿನಾರು ವರ್ಷದ ಹಿಂದೆ ಗಡಿಯಾಚೆಯ ತಿರುವಿನಲ್ಲಿ ಬಸ್ಸು ಮಗುಚಿದಾಗ ಅವನು ಕಿಟಕಿಯ ಬಳಿಯೇ ಕುಳಿತಿದ್ದ. ಅಂಗಿಯ ಮೇಲಿನ ಗಾಜಿನ ಪುಡಿ ಕೊಡವಿಕೊಂಡು ಎದ್ದು ಬಂದು, ತನ್ನ ಅದೃಷ್ಟದ ಕತೆಯನ್ನು ವರ್ಷಗಟ್ಟಲೆ ಗಿರಾಕಿಗಳಿಗೆ ಹೇಳಿ ನಗಿಸಿದ್ದ. ಅಕ್ಕನ ಎಡಗಣ್ಣು ಹೋದದ್ದು ಆ ಸಂಜೆಯೇ. ಆ ಕಣ್ಣನ್ನು ಅವನು ಎಂದೂ ನೇರವಾಗಿ ನೋಡಿರಲಿಲ್ಲ. ತಾಯಿಯ ಮಣ್ಣಿನ ದಿನವೂ, ಅವಳು ಉಪ್ಪಿನ ಬುಟ್ಟಿ ಹೊತ್ತು ಕುಂಟುತ್ತ ಬಂದಾಗ, ಬೇರೆಡೆಗೆ ಮುಖ ತಿರುಗಿಸಿದ್ದ.

ಉಳಿದದ್ದನ್ನು ಅವನ ಮನಸ್ಸು ತಾನೇ ಲೆಕ್ಕ ಹಾಕಿತು. ತಂತಿ, ಬಸ್ಸು, ಅದಕ್ಕೂ ಹಿಂದೆ ಹನ್ನೊಂದನೆಯ ವಯಸ್ಸಿನಲ್ಲಿ ಭೂಸನೂರಿಗೆ ಕಬ್ಬು ಒಯ್ಯುವ ಗಾಡಿಯಿಂದ ಬಿದ್ದದ್ದು. ಕಬ್ಬಿಣದ ಹಳಿಯ ಗಾಲಿ ಕಾಲ ಮೇಲೆ ಹರಿದಿತ್ತು. ಎದ್ದು ಓಡಿದ್ದ. ಅಂದಿನಿಂದ ಅಕ್ಕ ಕುಂಟಿಯಾದಳು. ಎಲ್ಲವೂ ಬಂದ ದಾರಿಯಲ್ಲಿಯೇ, ಹಿಂದಿನದರ ಹಿಂದಿನದು ಎಂಬಂತೆ, ಮನೆಗೆ ಮರಳುತ್ತಿದ್ದವು.

ಆಗಲಾದರೂ ಅರ್ಜಿ ಹಿಂದಕ್ಕೆ ತೆಗೆಯಬಹುದಿತ್ತು. ವಕೀಲನ ಮನೆಯ ಬಾಗಿಲಿನವರೆಗೆ ಹೋಗಿ, ಸುಳ್ಳು ಪ್ರಮಾಣಕ್ಕೆ ಬೀಳುವ ಶಿಕ್ಷೆಯನ್ನು ನೆನೆದು, ಗಂಟೆ ಒತ್ತದೆ ಅವನು ಹಿಂತಿರುಗಿದ.

ಒಂಬತ್ತನೆಯ ದಿನದ ಮುಂಜಾನೆ ಪತ್ರಿಕೆಯಲ್ಲಿ ಪ್ರಕಟಣೆ ಬಂತು: ‘ಮೃತ ನಿಂಬೆವ್ವ ಇವರಿಗೆ ಮಗ ಕಲ್ಯಾಣಕುಮಾರ ಏಕೈಕ ವಾರಸುದಾರನಿದ್ದು, ಮಗಳು ಗುರುಬಾಯಿ ಈ ಮೊದಲೇ ಮೃತಪಟ್ಟಿರುತ್ತಾಳೆ, ತಕರಾರು ಇದ್ದವರು ಹಾಜರಾಗತಕ್ಕದ್ದು.’ ಅದನ್ನು ಓದಿ ಮಡಿಚಿ, ಲಾಡ್ಜಿನ ಮೆಟ್ಟಿಲ ಮೇಲೆ ಬಲಗಾಲಿಟ್ಟ. ಕೆಳಗಿನ ಓಣಿಯಲ್ಲಿ ಗಾಡಿಯಿರಲಿಲ್ಲ. ಆದರೂ ಎತ್ತಿನ ಕೊರಳ ಗೆಜ್ಜೆ ಕೇಳಿಸಿತು. ಕಬ್ಬಿನ ರಸದ ಹುಳಿವಾಸನೆ ಮೂಗಿಗೆ ಬಡಿಯಿತು. ಗಾಲಿಯ ಅಚ್ಚು ಕಿರುಗುಟ್ಟಿತು. ಹತ್ತಿರ. ಇನ್ನೂ ಹತ್ತಿರ. ಪಾದದ ಎಲುಬುಗಳು ಒಂದೊಂದಾಗಿ, ಒಣ ಕಟ್ಟಿಗೆಯಂತೆ, ಮುರಿದವು.

ಚಪ್ಪಲಿ ಬಿಚ್ಚಿದಾಗ ಪಾದದ ಮೇಲೆ ನಾಲ್ಕು ಬೆರಳಗಲದ ಗಾಲಿಯ ಹಳಿಯ ಗುರುತು ಅಚ್ಚೊತ್ತಿತ್ತು.

ಆಟೋದವನು ಅವನನ್ನು ಆಸ್ಪತ್ರೆಗೆ ಒಯ್ಯಬೇಕೆಂದಿದ್ದ. ಕಲ್ಯಾಣಕುಮಾರ ಖಜೂರಿಗೆ ನಡೆಯೆಂದ. ಬಾಡಿಗೆ ಎಷ್ಟಾದರೂ ಆಗಲಿ ಎಂದ. ಅಷ್ಟರಲ್ಲಿ ಮೈ ಸುಡುತ್ತಿತ್ತು. ಎರಡೂ ಬದಿಯ ಜೋಳದ ಹೊಲಗಳು, ಟ್ರಾಲಿಗಳಿಂದ ಉದುರಿದ ಕಬ್ಬು, ಬಿಸಿಲು, ಎಲ್ಲವೂ ಒಂದೇ ಕಣ್ಣಿಗೆ ಚಪ್ಪಟೆಯಾಗಿ, ಬಣ್ಣಗೆಟ್ಟು ಕಾಣುತ್ತಿದ್ದವು. ಬಾಯಲ್ಲಿ ಏನೋ ಕರಕರ ಎಂದಿತು. ಉಗುಳಿದ. ಕರಿಮಣ್ಣು. ಹಸಿಯಾದದ್ದು. ಮತ್ತೆ ಉಗುಳಿದ. ಮತ್ತೆ ಮಣ್ಣು. ಅದರೊಡನೆ ಉಪ್ಪು.

ಅಕ್ಕನ ಅಂಗಡಿಯ ಮುಂದೆ ಇಳಿಸಿದಾಗ ಅವನು ನಿಲ್ಲಲಾರದೆ ಬೆಂಚಿನ ಮೇಲೆ ಕುಸಿದ. ತಲೆಯೆತ್ತಿದವನಿಗೆ ಎದುರಿಗೆ ಬರುತ್ತಿದ್ದವಳನ್ನು ಗುರುತಿಸಲು ಹೊತ್ತು ಹಿಡಿಯಿತು.

ಅವಳು ಕುಂಟುತ್ತಿರಲಿಲ್ಲ. ಬೆನ್ನು ನೆಟ್ಟಗಿತ್ತು. ನೀರಿನ ಕೊಡ ಹಿಡಿದಿದ್ದ ಬಲಗೈಯ ಬೆರಳುಗಳು ಸಲೀಸಾಗಿ ಬಿಚ್ಚಿಕೊಂಡಿದ್ದವು. ಎರಡೂ ಕಣ್ಣುಗಳು ಕಪ್ಪಾಗಿ, ತಿಳಿಯಾಗಿ, ಅವನನ್ನೇ ನೋಡುತ್ತಿದ್ದವು.

“ಕೂಡು, ಕಲ್ಯಾಣ,” ಎಂದಳು ಗುರುಬಾಯಿ. “ಪೇಪರಿನ್ಯಾಗ ನನ್ನ ಹೆಸರು ಬಂದದಂತ. ಜಹೀರುದ್ದೀನ ಡ್ರೈವರ್ ಓದಿ ತೋರಸ್ದ. ಪೇಪರಿಗೆ ಬರೋವಷ್ಟು ದೊಡ್ಡಾಕಿ ಅದೇನಿ ಅಂತ ನನಗ ಗೊತ್ತಿರಲಿಲ್ಲ ನೋಡು.”

ಸಕ್ಕರೆಯ ಡಬ್ಬಿಯ ಕೆಳಗೆ ಆ ಹಾಳೆ ಮಡಿಚಿಟ್ಟಿತ್ತು. ಅವನು ಮಾತಾಡಲು ಬಾಯಿ ತೆರೆದ. ಮಣ್ಣು ತುಟಿಯಿಂದ ಎದೆಯ ಮೇಲೆ ಉದುರಿತು. ಗುರುಬಾಯಿ ಬೆಚ್ಚಲಿಲ್ಲ. ಸೆರಗಿನಿಂದ ಅವನ ಬಾಯಿ ಒರೆಸಿ, ಎದುರಿಗೆ ಕುಳಿತು, ಬೇರೆ ಯಾರದೋ ಮನೆಯ ಸುದ್ದಿ ಹೇಳುವಂತೆ ತಗ್ಗಿದ ದನಿಯಲ್ಲಿ ಎಲ್ಲವನ್ನೂ ಹೇಳಿದಳು.

ಆಗ ಅವನಿಗೆ ಮೂರು ವರ್ಷ, ಅವಳಿಗೆ ಏಳು. ಜ್ವರದಲ್ಲಿ ಅವನ ಉಸಿರು ನಿಂತುಹೋಗಿತ್ತು. ಹೊಲದ ಮೂಲೆಯಲ್ಲಿ ಗುಂಡಿ ತೋಡಿ, ಉಪ್ಪು ತಂದಿಟ್ಟಿದ್ದರು. ನಿಂಬೆವ್ವ ಮಗುವನ್ನು ಕೊಡಲೊಲ್ಲದೆ, ಗಡಿಯಾಚೆಯಿಂದ ಮಾಟದವನೊಬ್ಬನನ್ನು ಕರೆಸಿದಳು. ಬಂದ ಸಾವನ್ನು ಹಿಂದಕ್ಕೆ ಕಳಿಸಲು ತನ್ನಿಂದಾಗದು, ಯಾರದಾದರೂ ಹೆಸರಿನಲ್ಲಿ ಇಡಬಹುದು ಎಂದ ಅವನು. ಅದೇ ರಕ್ತದವರು ತಾವಾಗಿ ಒಪ್ಪಬೇಕು. ಆ ಹೆಸರು ಇರುವವರೆಗೆ ಹುಡುಗನಿಗೆ ಬರುವುದೆಲ್ಲ ಆ ಹೆಸರಿಗೇ ಹೋಗುತ್ತದೆ. ಹುಡುಗಿಯನ್ನು ಗುಂಡಿಯ ಅಂಚಿನಲ್ಲಿ ನಿಲ್ಲಿಸಿ, ಕೈಗೊಂದು ಬೆಲ್ಲದ ಹೆಂಟೆ ಕೊಟ್ಟು, ಒಂದು ಮಾತು ಹೇಳಿಸಿದರು. ಮಣ್ಣಿನ ಬೊಂಬೆಯೊಂದನ್ನು ಪದ್ಮಾಸನ ಹಾಕಿ ಕೂರಿಸಿ ಗುಂಡಿ ಮುಚ್ಚಿದರು.

“ನನಗ ಬೆಲ್ಲದ ಆಸೆ,” ಎಂದಳು. “ಅಂದುಬಿಟ್ಟೆ.”

ನಿಂಬೆವ್ವ ಮಗಳ ಮುಖವನ್ನು ಆಮೇಲೆ ಎಂದೂ ನೆಟ್ಟಗೆ ನೋಡಲಿಲ್ಲವಂತೆ. ಸಾಯುವ ಮೊದಲು ತನ್ನನ್ನು ಅದೇ ಗುಂಡಿಯ ಮೇಲೆ ಕೂರಿಸಿರೆಂದು ಬೇಡಿಕೊಂಡಿದ್ದಳಂತೆ, ಕಾವಲಿಗೆ.

“ಈಗ ನೀ ನನ್ನ ಹೆಸರು ಹೊಡದಿ. ಇಟ್ಟದ್ದು ಎದ್ದು ನಿನ್ನ ಕಡಿ ಬಂತು. ನನಗ ಮೊದಲ ಕೈ ಬಂತು, ಆಮ್ಯಾಲ ಕಣ್ಣು. ಇವತ್ತ ಮುಂಜಾನೆ ಕಾಲು. ಗಡಿ ನಾಕಾತನ ಸುಮ್ನ ನಡಕೋತ ಹೋಗಿ ಬಂದೇನಿ. ಏನೂ ಕೆಲಸಿರಲಿಲ್ಲ.” ಅವಳು ತನ್ನ ಪಾದವನ್ನು ನೋಡಿಕೊಂಡಳು. “ಭಾಳ ಚೊಲೋ ಇತ್ತು.”

ಕಲ್ಯಾಣಕುಮಾರನ ಎದೆ ಮೇಲೆ ಭಾರ ಬೀಳುತ್ತಿತ್ತು. ಬುಟ್ಟಿ ಬುಟ್ಟಿಯಾಗಿ. ವಿಭೂತಿಯ ಒಣ ವಾಸನೆ. ಬಾಡಿದ ಪತ್ರೆಯ ವಾಸನೆ. ಬೆಂಚಿನ ಮೇಲೆಯೇ ಅವನ ಕಾಲುಗಳು ತಾವಾಗಿ ಮಡಿಚಿಕೊಂಡವು. ಮುರಿದ ಪಾದವೂ ಮಡಿಚಿತು. ಬೆನ್ನು ನೆಟ್ಟಗಾಯಿತು. ಕೈಗಳು ಮಡಿಲಿಗೆ ಬಂದು ಕೂತವು. ಯಾರೋ ಅವನನ್ನು ಗೂಡಿನೊಳಗೆ ಕೂರಿಸುತ್ತಿದ್ದರು.

“ಕೇಳಿಲ್ಲಿ,” ಎಂದಳು ಅಕ್ಕ, ಅವನ ಗದ್ದ ಹಿಡಿದು. “ಈ ಸಲ ನಿನ್ನ ಸಾವು ತಗೊಂಡ್ರ ಇಟ್ಕೊಳ್ಳಾಕ ಬರಂಗಿಲ್ಲ. ಅದು ಗುಂಡಿ ಬಿಟ್ಟು ಎದ್ದು ಬಂದದ. ತಗೊಂಡಾಕಿ ಹೋಗಬೇಕು. ನೀ ಬ್ಯಾಡ ಅಂದ್ರ ನಾ ತಗೊಳ್ಳಂಗಿಲ್ಲ.”

ಬಾಯಿ ತುಂಬ ಮಣ್ಣಿತ್ತು, ನಿಜ. ಆದರೆ ಕತ್ತು ಆಡುತ್ತಿತ್ತು. ಬೇಡವೆಂದು ತಲೆ ಅಲ್ಲಾಡಿಸುವಷ್ಟು ಶಕ್ತಿ ಅವನಲ್ಲಿತ್ತು. ಅದನ್ನು ಅವನು ಮುಂದೆ ಬದುಕಿದ ಪ್ರತಿದಿನವೂ ನೆನೆದ. ಅವನು ತಲೆ ಅಲ್ಲಾಡಿಸಲಿಲ್ಲ. ಮಡಿಲಿನಿಂದ ಸುಟ್ಟ ಕೈಯನ್ನು ಎಳೆದು ತೆಗೆದು, ಅವಳ ಕಡೆಗೆ ಚಾಚಿದ.

ಗುರುಬಾಯಿ ಆ ಕೈಯನ್ನು ಸ್ವಲ್ಪ ಹೊತ್ತು ನೋಡಿದಳು.

“ನಾ ಹ್ವಾದ ಮ್ಯಾಲ ನಿನಗ ಬರೋದು ಇನ್ನೊಂದು ಹೆಸರು ಹುಡುಕ್ತದ. ನಿನ್ನ ರಕ್ತದವರು ಯಾರೂ ಆ ಮಾತು ಅನ್ನದಂಗ ನೋಡ್ಕೋ. ಗುಂಡಿ ಹತ್ರ ಅಂತೂ ಬ್ಯಾಡೇ ಬ್ಯಾಡ. ಮನ್ಯಾಗ ಎಲ್ಲಾ ಬಿಚ್ಚಿ ಹೇಳು. ನಾಚಬ್ಯಾಡ.”

ಬಳಿಕ ಡಬ್ಬಿಯ ಮುಚ್ಚಳ ತೆಗೆದು, ಒಂದು ಚಿಟಿಕೆ ಸಕ್ಕರೆಯನ್ನು ತಾನೇ ತನ್ನ ನಾಲಿಗೆಯ ಮೇಲೆ ಹಾಕಿಕೊಂಡು, ತಮ್ಮನ ಕೈ ಹಿಡಿದಳು.

“ನಿಂದೆಲ್ಲಾ ನನಗ ಬರ್ಲಿ.”

ಉಸಿರು ಬಂತು. ಗಾಳಿ. ಬೆಳಕು, ಎರಡೂ ಕಣ್ಣಿಗೆ. ಅಂಗೈಯ ಕರಿಗೆರೆ ನೀರಿನಲ್ಲಿ ಬರೆದದ್ದರಂತೆ ಮಾಯವಾಯಿತು. ಪಾದದ ಎಲುಬುಗಳು ಒಂದೊಂದಾಗಿ ಕೂಡಿಕೊಂಡವು. ಎದುರಿಗೆ ಅವಳ ಎಡಗಣ್ಣು ಕದಡಿತು. ಬೆರಳು ಮುರುಟಿದವು. ಕಾಲುಗಳು ಮಡಿಚಿಕೊಂಡವು. ಅವಳು ನೆಲದ ಮೇಲೆ, ನೆಟ್ಟ ಬೆನ್ನಿನಲ್ಲಿ, ಪದ್ಮಾಸನದಲ್ಲಿ ಕುಳಿತೇ ಇದ್ದಳು. ತುಟಿಯಂಚಿನಲ್ಲಿ ಕರಿಮಣ್ಣು ಇತ್ತು. ಸಕ್ಕರೆಯ ಎರಡು ಹರಳು ಇನ್ನೂ ಕರಗಿರಲಿಲ್ಲ.

ಹೃದಯ ನಿಂತಿತೆಂದು ಅವನು ಎಲ್ಲರಿಗೂ ಹೇಳಿದ. ಶಿವಕಾಂತಾಳಿಗೂ ಹಾಗೆಯೇ ಹೇಳಿದ. ಎಲ್ಲವನ್ನೂ ಬಿಚ್ಚಿ ಹೇಳಲು ಎರಡು ಸಲ ಅವಳನ್ನು ಪಕ್ಕಕ್ಕೆ ಕರೆದ. ಎರಡು ಸಲವೂ ಮಣ್ಣಿನ ಖರ್ಚಿನ ಮಾತಾಡಿ ಕಳಿಸಿದ. ಬದುಕಿದ್ದವಳನ್ನು ಕೊಂದು ಬರೆದೆ, ಆಮೇಲೆ ಬರೆದಂತೆ ಕೊಂದೆ ಎಂದು ಹೆಂಡತಿಗೆ ಹೇಗೆ ಹೇಳುವುದು? ಮಗುವನ್ನು ಮಣ್ಣಿಗೆ ಕರೆತರಬೇಡವೆಂದು ಮಾತ್ರ ಹೇಳಿದ. ಕಾರಣ ಕೇಳಿದಳು. ಉಪ್ಪು ತರಿಸುವ ನೆಪದಲ್ಲಿ ಎದ್ದು ಹೋದ. ಸೋದರತ್ತೆಯ ಮಣ್ಣಿಗೆ ತಮ್ಮನ ಮಗಳು ಬರದಿದ್ದರೆ ಊರವರು ಏನೆಂದಾರು ಎಂದು ಶಿವಕಾಂತಾ ಮಗಳ ಕೈಹಿಡಿದೇ ಬಂದಳು.

ಗುರುಬಾಯಿಯನ್ನು ತಾಯಿಯ ಪಕ್ಕದಲ್ಲಿಯೇ ಕೂರಿಸಿದರು. ಕಾಲು ಮಡಿಸುವ ಶ್ರಮ ಯಾರಿಗೂ ಬೀಳಲಿಲ್ಲ. ಮೊದಲ ಹಿಡಿ ಉಪ್ಪು ಹಾಕುವಾಗ ಕಲ್ಯಾಣಕುಮಾರನಿಗೆ ತಡೆಯಲಾಗಲಿಲ್ಲ. ಗುಂಡಿಯ ಅಂಚಿನಲ್ಲಿ ಮೊಣಕಾಲೂರಿ, ಎದೆ ಬಡಿದುಕೊಂಡು ಅತ್ತ. ಅಪ್ಪ ಅಳುವುದನ್ನು ಸೀಮಾ ಎಂದೂ ಕಂಡಿರಲಿಲ್ಲ. ಜನರ ನಡುವೆ ನುಸುಳಿ ಬಂದು, ಎರಡೂ ತೋಳುಗಳಿಂದ ಅವನ ಕೊರಳನ್ನು ತಬ್ಬಿಕೊಂಡಳು.

“ಅಳಬ್ಯಾಡ ಪಪ್ಪಾ,” ಎಂದಳು ಕಿವಿಯ ಬಳಿ. “ನಿಂದೆಲ್ಲಾ ನನಗ ಬರ್ಲಿ.”

ಅವನ ಅಳು ನಿಂತಿತು. ಎದೆಯ ನೋವೂ ನಿಂತಿತು, ಯಾರೋ ಎತ್ತಿಕೊಂಡು ಹೋದ ಹಾಗೆ.

ಮಣ್ಣು ಮುಗಿಸಿ ಹಿಂತಿರುಗುವಾಗ ಹೊಲದ ಬದುವಿನ ಕಲ್ಲಿಗೆ ಅವನ ಹೆಬ್ಬೆರಳು ಬಲವಾಗಿ ಎಡವಿತು. ಬಗ್ಗಿ ನೋಡಿದ. ಒಂದು ಗೀರೂ ಇರಲಿಲ್ಲ. ಹತ್ತು ಹೆಜ್ಜೆ ಹಿಂದೆ, ತಾಯಿಯ ಕೈಹಿಡಿದು ಬರುತ್ತಿದ್ದ ಸೀಮಾ ಚೀರಿದಳು. ಅವಳ ಚಪ್ಪಲಿಯೊಳಗೆ ರಕ್ತ ತುಂಬುತ್ತಿತ್ತು.

ಎರಡು ತಿಂಗಳಾದ ಮೇಲೆ ದೇವಿಂದ್ರಪ್ಪ ವಕೀಲ ಫೋನು ಮಾಡಿದ. ಯಾರೂ ತಕರಾರು ಎತ್ತಲಿಲ್ಲವೆಂದೂ, ಹೊಲ ಒಬ್ಬನೇ ವಾರಸುದಾರನ ಹೆಸರಿಗೆ ಆಯಿತೆಂದೂ, ಆಳಂದಕ್ಕೆ ಬಂದು ಆರ್ಡರಿನ ನಕಲು ಒಯ್ಯಬೇಕೆಂದೂ ಸಂತೋಷದಿಂದ ತಿಳಿಸಿದ. ಶಿವಕಾಂತಾ ಫೋನನ್ನು ಗಂಡನ ಕಿವಿಗೆ ಹಿಡಿದಿದ್ದಳು.

ಅಫಜಲಪುರದ ಆ ಬಾಡಿಗೆ ಮನೆಯ ನಡುಕೋಣೆಯಲ್ಲಿ, ದಪ್ಪನೆಯ ಗಾದಿಯ ಮೇಲೆ, ಗೋಡೆಯಿಂದಲೂ ಬಾಗಿಲಿನಿಂದಲೂ ದೂರವಾಗಿ, ಕಾಲು ಮಡಿಚಿ, ಬೆನ್ನು ನೆಟ್ಟಗೆ ಮಾಡಿ, ಕೈಗಳನ್ನು ಮಡಿಲಿನಲ್ಲಿಟ್ಟು ಕಲ್ಯಾಣಕುಮಾರ ಕುಳಿತಿದ್ದ. ಅನ್ನವನ್ನು ಆರಿಸಿ ತಿನ್ನುತ್ತಿದ್ದ. ಬಿಸಿನೀರು ಮುಟ್ಟುತ್ತಿರಲಿಲ್ಲ. ಮೊಳೆಗೆ ತೂಗುಹಾಕಿದ ಚೀಲದ ಮೇಲೆ ಧೂಳು ಕೂತಿತ್ತು.

ಹೊರಗಿನ ರಸ್ತೆಯಲ್ಲಿ ಆಳಂದದ ಬಸ್ಸು ಹಾರ್ನು ಹಾಕಿತು. ಅವನ ಕಾಲಿನ ಬೆರಳುಗಳು ಒಮ್ಮೆ ಅದುರಿದವು. ಅಂಗಳದಲ್ಲಿ ಸೀಮಾ ಕುಂಟಾಬಿಲ್ಲೆ ಆಡುತ್ತಿದ್ದಳು. ಅವನು ಬಸ್ಸು ಹತ್ತಿದರೆ, ಅದು ಮಗುಚಿದಾಗ ಅದರೊಳಗೆ ಇರುವವಳು ಅವಳು.

ಬೆರಳುಗಳನ್ನು ಅವನು ಮೆಲ್ಲಗೆ ಮಡಿಚಿಕೊಂಡ.